ಕಾಲೇಜಿನ ಪೇಟೆಂಟ್‌ನಿಂದ ಪಾಠಕ್ಕೆ ಹಣ ತರುವುದು ಹೇಗೆ?

“ನಮ್ಮ ಕಾಲೇಜಿನ ಹೆಸರಲ್ಲಿ ಇಷ್ಟೊಂದು ಪೇಟೆಂಟ್ ಇವೆ. ಮಾರಿದರೆ ಎಷ್ಟು ಬರುತ್ತೆ? ಆ ದುಡ್ಡಲ್ಲಿ ಲ್ಯಾಬ್ ಸರಿ ಮಾಡಿಸಬಹುದಾ?” ಎಂದು ಕೇಳುವವರು ಜಾಸ್ತಿ ಆಗಿದ್ದಾರೆ. ಕೇಳುವವರಲ್ಲಿ ಪ್ರಾಂಶುಪಾಲರಿದ್ದಾರೆ, ಐಪಿ ಸೆಲ್, ಅಂದರೆ ಪೇಟೆಂಟ್‌ನಂಥ ಬೌದ್ಧಿಕ ಆಸ್ತಿ ನೋಡಿಕೊಳ್ಳುವ ಘಟಕದ ಹೊಣೆ ತಲೆಗೆ ಬಿದ್ದ ಮೇಷ್ಟ್ರುಗಳಿದ್ದಾರೆ, ವಿಶ್ವವಿದ್ಯಾಲಯದ ಆಡಳಿತ ನಡೆಸುವ ಸಿಂಡಿಕೇಟ್‌ನ ಒಬ್ಬಿಬ್ಬರು ಸದಸ್ಯರೂ ಇದ್ದಾರೆ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಹಂತ ಹಂತವಾಗಿ ಬರೆದಿದ್ದೇನೆ. ಇದು ಕರ್ನಾಟಕದ ವಿಶ್ವವಿದ್ಯಾಲಯ, ಎಂಜಿನಿಯರಿಂಗ್, ಫಾರ್ಮಸಿ ಮತ್ತು ವಿಜ್ಞಾನ ಕಾಲೇಜುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು.

ಮೊದಲೇ ಹೇಳಿಬಿಡುತ್ತೇನೆ. ಹಣ ಬರಬಹುದು, ಆದರೆ ನಿಧಾನ. ಸಾಮಾನ್ಯವಾಗಿ ಮೊತ್ತವೂ ಸಣ್ಣದು. ಅಮೆರಿಕದಲ್ಲೇ ಬಹುಪಾಲು ವಿಶ್ವವಿದ್ಯಾಲಯಗಳ ಲೈಸೆನ್ಸ್ ಕಚೇರಿಗಳು ತಮ್ಮ ಖರ್ಚನ್ನೂ ದುಡಿಯುವುದಿಲ್ಲ. ಸುದ್ದಿಯಾಗುವುದು ಮಾತ್ರ ದೊಡ್ಡ ಬೇಟೆಗಳೇ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕ್ಯಾನ್ಸರ್ ಔಷಧಿ ಎಕ್ಸ್‌ಟಾಂಡಿಯ ರಾಯಲ್ಟಿ ಹಕ್ಕು 2016ರಲ್ಲಿ 114 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅದರಲ್ಲಿ ವಿಶ್ವವಿದ್ಯಾಲಯದ ಪಾಲು ಸುಮಾರು 52 ಕೋಟಿ. ಅದೇ ವರ್ಷ ಭಾರತದ ಪೇಟೆಂಟ್ ಕಚೇರಿ ಅದೇ ಔಷಧಿಯ ಅರ್ಜಿಯನ್ನು ತಿರಸ್ಕರಿಸಿತು ಎನ್ನುವುದನ್ನು ಅಷ್ಟಾಗಿ ಯಾರೂ ನೆನಪಿಡುವುದಿಲ್ಲ. ಇಂಥ ಲೆಕ್ಕ ನೋಡಿಕೊಂಡು ನಿಮ್ಮ ಬಜೆಟ್ ಬರೆಯಬೇಡಿ.

ಶುರು ಮಾಡುವ ಮೊದಲು ನಾಲ್ಕು ಮಾತು ಗೊತ್ತಿರಲಿ. ಪೇಟೆಂಟ್ ಎಂದರೆ ನಿಮ್ಮ ಆವಿಷ್ಕಾರವನ್ನು ಬೇರೆಯವರು ಮಾಡದಂತೆ, ಮಾರದಂತೆ ತಡೆಯುವ ಹಕ್ಕು. ಅರ್ಜಿ ಹಾಕಿದ ದಿನದಿಂದ 20 ವರ್ಷ, ಆಯಾ ದೇಶದೊಳಗೆ ಮಾತ್ರ. ಕ್ಲೈಮ್ ಎಂದರೆ ಅರ್ಜಿಯ ಕೊನೆಯಲ್ಲಿ ನಂಬರ್ ಹಾಕಿ ಬರೆದಿರುವ ವಾಕ್ಯಗಳು. ನಿಮ್ಮ ಹಕ್ಕಿನ ಬೇಲಿ ಎಲ್ಲಿದೆ ಎಂದು ಹೇಳುವುದು ಅವೇ, ಉಳಿದದ್ದೆಲ್ಲ ವಿವರಣೆ. ಅಸೈನ್‌ಮೆಂಟ್ ಎಂದರೆ ಹಕ್ಕನ್ನೇ ಪೂರ್ತಿ ಬರೆದುಕೊಡುವುದು. ಲೈಸೆನ್ಸ್ ಎಂದರೆ ಹಕ್ಕು ನಿಮ್ಮಲ್ಲೇ ಇಟ್ಟುಕೊಂಡು ಬಳಸಲು ಒಪ್ಪಿಗೆ ಕೊಡುವುದು, ಅದಕ್ಕೆ ಬರುವ ಪಾಲು ರಾಯಲ್ಟಿ.

ಹಂತ 1: ನಿಮ್ಮಲ್ಲಿ ನಿಜವಾಗಿ ಏನಿದೆ ಎಂದು ನೋಡಿ

ಪೇಟೆಂಟ್ ಕಚೇರಿಯ ವೆಬ್‌ಸೈಟ್‌ನಲ್ಲಿ ಅರ್ಜಿ ಸಂಖ್ಯೆ ಹಾಕಿದರೆ ಅದರ ಸ್ಥಿತಿ ಯಾರಿಗೆ ಬೇಕಾದರೂ ಕಾಣುತ್ತದೆ. ಒಂದೊಂದನ್ನೂ ತೆಗೆದು ನೋಡಿ. ಕಾಲೇಜಿನ ಪಟ್ಟಿಯಲ್ಲಿ “ಪೇಟೆಂಟ್” ಎಂದಿರುವುದರಲ್ಲಿ ಬಹಳಷ್ಟು ಬರೀ “ಪ್ರಕಟಿತ” ಅರ್ಜಿಗಳಾಗಿರುತ್ತವೆ. ಅರ್ಜಿ ಹಾಕಿ 18 ತಿಂಗಳಾದರೆ ಅದು ತಾನಾಗಿಯೇ ಪ್ರಕಟವಾಗುತ್ತದೆ. ಅದರಲ್ಲಿ ಯಾರೂ ಏನನ್ನೂ ಪರೀಕ್ಷಿಸಿರುವುದಿಲ್ಲ. ಪ್ರಕಟವಾಗಿದೆ ಎಂದು ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ ಕಾಲೇಜುಗಳಿವೆ. ಮಂಜೂರಾದದ್ದು ಬೇರೆ, ಪ್ರಕಟವಾದದ್ದು ಬೇರೆ.

ಇನ್ನೊಂದು, ಡಿಸೈನ್ ನೋಂದಣಿ. ಇದು ವಸ್ತುವಿನ ಹೊರನೋಟಕ್ಕೆ ಸಿಗುವ ರಕ್ಷಣೆ, ಅದು ಕೆಲಸ ಮಾಡುವ ರೀತಿಗಲ್ಲ. ಬಡ್ತಿಗೆ ಅಂಕ ಬೇಕೆಂದು ದುಡ್ಡು ಕೊಟ್ಟು ಹತ್ತು ಊರಿನ ಹತ್ತು ಜನ ಸೇರಿ ಒಂದು ಡಿಸೈನ್‌ಗೆ ಹೆಸರು ಹಾಕಿಸಿಕೊಳ್ಳುವ ದಂಧೆ ನಿಮಗೂ ಗೊತ್ತಿರಬಹುದು. ಅಂಥವನ್ನು ಮಾರಾಟದ ಪಟ್ಟಿಯಿಂದ ಇವತ್ತೇ ತೆಗೆದುಬಿಡಿ. ಕೊಳ್ಳುವವರು ಒಂದನ್ನು ನೋಡಿದರೆ ಸಾಕು, ಉಳಿದ ಒಳ್ಳೆಯವುಗಳ ಮೇಲೂ ನಂಬಿಕೆ ಹೋಗುತ್ತದೆ.

ಕೃಷಿ ವಿಭಾಗದವರಿಗೆ ಒಂದು ಮಾತು. ಹೊಸ ರಾಗಿ ತಳಿ, ಹೊಸ ಹತ್ತಿ ಹೈಬ್ರಿಡ್‌ಗೆ ನಮ್ಮಲ್ಲಿ ಪೇಟೆಂಟ್ ಇಲ್ಲ. 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ ಅದನ್ನು ಹೊರಗಿಟ್ಟಿದೆ. ತಳಿಗೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಅದರ ದಾರಿಯೇ ಬೇರೆ. ಅದೇ 3ನೇ ಸೆಕ್ಷನ್ ಬರೀ ಕಂಪ್ಯೂಟರ್ ಪ್ರೋಗ್ರಾಂ, ಗೊತ್ತಿರುವ ಪದಾರ್ಥಗಳ ಸುಮ್ನೆ ಮಿಶ್ರಣ, ಪರಂಪರೆಯಿಂದ ಬಂದ ಜ್ಞಾನ, ಇವನ್ನೂ ಹೊರಗಿಡುತ್ತದೆ. ಕಷಾಯದ ಪುಡಿಗೆ ಅರ್ಜಿ ಹಾಕುವ ಮೊದಲು ಇದನ್ನು ಒಮ್ಮೆ ಓದಿ.

ಹಂತ 2: ಆಸ್ತಿ ಯಾರದ್ದು?

ಕೈಗೆ ಬಂದ ವ್ಯವಹಾರ ಮುರಿದು ಬೀಳುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಆವಿಷ್ಕಾರ ಮಾಡಿದವರು ಮೇಷ್ಟ್ರು ಮತ್ತು ವಿದ್ಯಾರ್ಥಿಗಳು. ಅರ್ಜಿದಾರರು ಕಾಲೇಜು. ಇವೆರಡರ ನಡುವೆ ಒಂದು ಕಾಗದ ಬೇಕು, “ಈ ಆವಿಷ್ಕಾರದ ಹಕ್ಕನ್ನು ಸಂಸ್ಥೆಗೆ ಬರೆದುಕೊಟ್ಟಿದ್ದೇವೆ” ಎಂದು ಎಲ್ಲರೂ ಸಹಿ ಹಾಕಿದ್ದು. ಮೇಷ್ಟ್ರ ಸಹಿ ಸಿಗುತ್ತದೆ. ಎಂಟೆಕ್ ಮುಗಿಸಿ ನಾಲ್ಕು ವರ್ಷದ ಹಿಂದೆ ಜರ್ಮನಿಗೆ ಹೋದ ಹುಡುಗನ ಸಹಿ ಎಲ್ಲಿಂದ ತರುತ್ತೀರಿ? ಆದ್ದರಿಂದ ಪ್ರಾಜೆಕ್ಟ್ ಸೇರುವ ದಿನವೇ ಸಹಿ ಹಾಕಿಸಿ. ಅದರಲ್ಲಿ ವಿದ್ಯಾರ್ಥಿಗೆ ಬರುವ ಪಾಲು ಎಷ್ಟು ಎಂದೂ ಬರೆಯಿರಿ. ಪಾಲಿನ ಮಾತೇ ಇಲ್ಲದೆ ಹಕ್ಕು ಮಾತ್ರ ಬರೆಸಿಕೊಳ್ಳುವುದು ನ್ಯಾಯವಲ್ಲ.

ಎರಡನೆಯದು, ಸಂಶೋಧನೆಗೆ ಹಣ ಕೊಟ್ಟವರು ಯಾರು? ಅನುದಾನದ ಆದೇಶ ಪತ್ರ ತೆಗೆದು ಐಪಿ ಷರತ್ತು ಓದಿ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವಾಲಯ 2000ದಲ್ಲಿ ಹೊರಡಿಸಿದ ಸೂಚನೆ ಪ್ರಕಾರ, ಅದರ ಹಣದಲ್ಲಿ ಹುಟ್ಟಿದ ಆವಿಷ್ಕಾರದ ಹಕ್ಕನ್ನು ಸಂಸ್ಥೆ ಇಟ್ಟುಕೊಳ್ಳಬಹುದು. ಆದರೆ ಸಂಶೋಧಕರ ಪಾಲು ಗಳಿಕೆಯ ಮೂರನೇ ಒಂದು ಭಾಗ ಮೀರಬಾರದು. ಬಂದ ಹಣದಲ್ಲಿ ಕನಿಷ್ಠ 25 ಶೇಕಡಾ ಮುಂದಿನ ಪೇಟೆಂಟ್ ಕೆಲಸಕ್ಕೆ ತೆಗೆದಿಡಬೇಕು. ಸರ್ಕಾರ ತನ್ನ ಬಳಕೆಗೆ ರಾಯಲ್ಟಿ ಕೊಡದೆ ಬಳಸಬಹುದು. ನಿಮ್ಮ ಅನುದಾನ ಪತ್ರ ಹೊಸದಾಗಿದ್ದರೆ ಅದರಲ್ಲಿ ಏನು ಬರೆದಿದೆಯೋ ಅದೇ ಕೊನೆ ಮಾತು.

ಮೂರನೆಯದು, ಜಂಟಿ ಪೇಟೆಂಟ್. ಕಂಪನಿಯೊಂದು ಪ್ರಾಜೆಕ್ಟ್‌ಗೆ ಎರಡು ಲಕ್ಷ ಕೊಟ್ಟಿತು, “ಇಬ್ಬರ ಹೆಸರಲ್ಲೂ ಹಾಕೋಣ ಸರ್” ಎಂದಿತು, ನೀವು ಖುಷಿಯಿಂದ ಒಪ್ಪಿದಿರಿ. ಈಗ ಕಾಯ್ದೆಯ 50ನೇ ಸೆಕ್ಷನ್ ಏನು ಹೇಳುತ್ತದೆ ನೋಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಜಂಟಿ ಮಾಲೀಕರಲ್ಲಿ ಯಾರು ಬೇಕಾದರೂ ಆ ವಸ್ತುವನ್ನು ತಯಾರಿಸಿ ಮಾರಬಹುದು, ಇನ್ನೊಬ್ಬರಿಗೆ ಲೆಕ್ಕ ಕೊಡಬೇಕಿಲ್ಲ. ಆದರೆ ಲೈಸೆನ್ಸ್ ಕೊಡಲು ಅಥವಾ ತನ್ನ ಪಾಲು ಮಾರಲು ಇನ್ನೊಬ್ಬರ ಒಪ್ಪಿಗೆ ಬೇಕು. ಕಂಪನಿಗೆ ಫ್ಯಾಕ್ಟರಿ ಇದೆ, ಅದು ತಯಾರಿಸಿ ಮಾರುತ್ತದೆ. ಕಾಲೇಜಿಗೆ ಫ್ಯಾಕ್ಟರಿ ಇಲ್ಲ. ಕಾಲೇಜು ಬೇರೆಯವರಿಗೆ ಲೈಸೆನ್ಸ್ ಕೊಡಲು ಹೋದರೆ ಕಂಪನಿ ಒಪ್ಪಬೇಕು. ಅಂದರೆ ಕಾಗದದ ಮೇಲೆ ಅರ್ಧ ನಿಮ್ಮದು, ವ್ಯವಹಾರದಲ್ಲಿ ಸೊನ್ನೆ. ಜಂಟಿಯಾಗಿ ಹಾಕಲೇಬೇಕಾದರೆ, ಕಂಪನಿ ತಯಾರಿಸಿದರೂ ಕಾಲೇಜಿಗೆ ಇಷ್ಟು ರಾಯಲ್ಟಿ ಕೊಡಬೇಕು ಎಂದು ಅರ್ಜಿಗೆ ಮೊದಲೇ ಬೇರೆ ಒಪ್ಪಂದ ಮಾಡಿಕೊಳ್ಳಿ.

ಗಿಡಮೂಲಿಕೆ, ಸೂಕ್ಷ್ಮಜೀವಿ ಮುಂತಾದ ನಮ್ಮ ಜೈವಿಕ ಸಂಪನ್ಮೂಲ ಬಳಸಿದ್ದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ಮರೆಯಬೇಡಿ. ಜೀವವೈವಿಧ್ಯ ಕಾಯ್ದೆಯ 2023ರ ತಿದ್ದುಪಡಿಯ ನಂತರ ಭಾರತೀಯ ಸಂಸ್ಥೆಗಳು ಪೇಟೆಂಟ್ ಮಂಜೂರಾಗುವ ಮೊದಲು ಅಲ್ಲಿ ನೋಂದಾಯಿಸಬೇಕು. ವಾಣಿಜ್ಯ ಬಳಕೆಗೆ ಹೋಗುವಾಗ ಅನುಮತಿ ಬೇಕು.

ಹಂತ 3: ಪೇಪರ್ ಆಮೇಲೆ, ಅರ್ಜಿ ಮೊದಲು

ಈಗಿನ್ನೂ ಲ್ಯಾಬಿನಲ್ಲಿರುವ ಕೆಲಸಕ್ಕೆ ಈ ಹಂತ. ಸಮ್ಮೇಳನದಲ್ಲಿ ಪೇಪರ್ ಓದಿದಿರಿ, ಪ್ರಬಂಧ ಗ್ರಂಥಾಲಯ ಸೇರಿತು, ವಿಭಾಗದವರು ಯೂಟ್ಯೂಬ್‌ಗೆ ವಿಡಿಯೊ ಹಾಕಿದರು ಅಂದುಕೊಳ್ಳಿ. ಆಮೇಲೆ ಅರ್ಜಿ ಹಾಕಿದರೆ ನಿಮ್ಮದೇ ಪೇಪರ್ ನಿಮ್ಮ ವಿರುದ್ಧ ಸಾಕ್ಷಿ. ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ 12 ತಿಂಗಳ ವಿನಾಯಿತಿ ಇದೆ, ನಿಜ. ಆದರೆ ಅದು ಸರ್ಕಾರ ಸೂಚಿಸಿದ ಪ್ರದರ್ಶನ, ವಿದ್ವತ್ ಸಂಘದ ಮುಂದೆ ಓದಿದ ಪೇಪರ್ ಇಂಥ ಕೆಲವಕ್ಕೆ ಮಾತ್ರ. ಅದನ್ನು ನಂಬಿ ಕೂರಬೇಡಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರಿಗೂ ಇದು ಆಗಿದೆ. ವಿಜ್ಞಾನಿಗಳಾದ ಕೋಹೆನ್ ಮತ್ತು ಬೋಯರ್ ಅವರ ಜೀನ್ ಜೋಡಿಸುವ ವಿಧಾನ 1973ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಒಂದು ವರ್ಷದ ವಿನಾಯಿತಿ ಇದ್ದದ್ದರಿಂದ, ಗಡುವು ಮುಗಿಯಲು ಸುಮಾರು ಒಂದು ವಾರ ಇರುವಾಗ, 1974ರ ನವೆಂಬರ್‌ನಲ್ಲಿ ಅರ್ಜಿ ಬಿತ್ತು. ಹೊರದೇಶಗಳ ಹಕ್ಕು ಮಾತ್ರ ಕೈತಪ್ಪಿತು. ಅಮೆರಿಕವೊಂದರಲ್ಲೇ ಅದು ಮುಂದೆ ಸುಮಾರು 25.5 ಕೋಟಿ ಡಾಲರ್ ತಂದಿತು. ಉಳಿದ ದೇಶಗಳದ್ದು ಎಷ್ಟಾಗುತ್ತಿತ್ತೋ ನೀವೇ ಊಹಿಸಿ.

ಪರಿಹಾರ ಸುಲಭ. ಪೇಪರ್ ಕಳಿಸುವ ಮೊದಲು ಪ್ರೊವಿಷನಲ್ ಅರ್ಜಿ ಹಾಕಿ. ಅಂದರೆ ತಾತ್ಕಾಲಿಕ ವಿವರಣೆ ಕೊಟ್ಟು ದಿನಾಂಕ ಹಿಡಿದಿಡುವುದು. ಪೂರ್ತಿ ಅರ್ಜಿ ಕೊಡಲು 12 ತಿಂಗಳು ಸಿಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ, ಎಲ್ಲವೂ ಆನ್‌ಲೈನ್. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ 80 ಶೇಕಡಾ ಕಡಿತ ಇದೆ. 30 ಪುಟ, 10 ಕ್ಲೈಮ್ ಒಳಗಿನ ಅರ್ಜಿಗೆ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000. ದೊಡ್ಡ ಕಂಪನಿಗಾದರೆ ಇವು 8,000 ಮತ್ತು 20,000. ಅರ್ಜಿ ಬರೆದು ನಡೆಸಿಕೊಡುವ ಪೇಟೆಂಟ್ ಏಜೆಂಟರ ಶುಲ್ಕ ಬೇರೆ, ಅದೇ ಜಾಸ್ತಿ.

ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ. ಅದಕ್ಕೆ 18ನೇ ನಮೂನೆಯಲ್ಲಿ ಬೇರೆ ಕೋರಿಕೆ ಕೊಡಬೇಕು. 2024ರ ಮಾರ್ಚ್ ಮಧ್ಯದ ನಂತರ ಹಾಕಿದ ಅರ್ಜಿಗಳಿಗೆ ಗಡುವು 31 ತಿಂಗಳು. ತಪ್ಪಿದರೆ ಅರ್ಜಿ ವಾಪಸ್ ತೆಗೆದುಕೊಂಡಂತೆ. ಐಪಿ ಸೆಲ್ ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಕಳೆದುಹೋಗುವುದು ಇಂಥ ದಿನಾಂಕಗಳೇ.

ಹಂತ 4: ಕ್ಲೈಮನ್ನು ಕೊಳ್ಳುವವನ ಕಣ್ಣಲ್ಲಿ ಓದಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ, ಇದು ಕಲ್ಪಿತ. ಮಲೆನಾಡಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗ ಹಸಿ ಅಡಿಕೆ ಸುಲಿಯುವ ಯಂತ್ರ ಮಾಡಿದೆ. ಮೊದಲ ಕ್ಲೈಮ್ ಹೀಗಿದೆ: “ಅರ್ಧ ಎಚ್‌ಪಿ ಮೋಟಾರ್, ವಿ-ಬೆಲ್ಟ್, ಎರಡು ರಬ್ಬರ್ ರೋಲರ್, ಅವುಗಳ ನಡುವಿನ ಅಂತರವನ್ನು ಕಾಯಿಯ ಗಾತ್ರಕ್ಕೆ ತಕ್ಕಂತೆ ತಾನಾಗಿ ಬದಲಿಸುವ ಸ್ಪ್ರಿಂಗ್, ಸ್ಟೀಲ್ ಬ್ಲೇಡ್, ನಾಲ್ಕು ಚಕ್ರದ ಸ್ಟ್ಯಾಂಡ್ ಇರುವ ಯಂತ್ರ.”

ಓದಲು ಚೆನ್ನಾಗಿದೆ. ಆದರೆ ಶಿರಸಿಯ ವರ್ಕ್‌ಶಾಪ್‌ನವನು ಚಕ್ರ ತೆಗೆದು ಅದೇ ಯಂತ್ರ ಮಾರಿದರೆ? ಕ್ಲೈಮಿನಲ್ಲಿ ಹೇಳಿದ ಭಾಗಗಳೆಲ್ಲ ಇದ್ದರೆ ತಾನೇ ಉಲ್ಲಂಘನೆ? ಚಕ್ರ ಇಲ್ಲ, ಹಾಗಾಗಿ ಅವನು ಬಚಾವ್. ಇಲ್ಲಿ ನಿಜವಾಗಿ ಹೊಸದು ಆ ಸ್ಪ್ರಿಂಗ್ ಮತ್ತು ರೋಲರ್ ಜೋಡಣೆ. ಕಾಯಿಯ ಗಾತ್ರ ಒಂದೇ ಇರುವುದಿಲ್ಲ, ಆದರೂ ಅಡಿಕೆಗೆ ಗಾಯವಾಗದೆ ಸಿಪ್ಪೆ ಬಿಡುತ್ತದೆ. ಮೊದಲ ಕ್ಲೈಮಿನಲ್ಲಿ ಅಷ್ಟೇ ಇರಬೇಕಿತ್ತು. ಮೋಟಾರ್, ಚಕ್ರ ಎಲ್ಲ ಕೆಳಗಿನ ಕ್ಲೈಮ್‌ಗಳಿಗೆ ಹೋಗಬೇಕಿತ್ತು. ಮೊದಲ ಕ್ಲೈಮ್ ಉದ್ದ ಆದಷ್ಟೂ ಹಕ್ಕು ಗಿಡ್ಡ.

ಅರ್ಜಿ ಇನ್ನೂ ಮಂಜೂರಾಗಿಲ್ಲದಿದ್ದರೆ ತಿದ್ದಲು ಸ್ವಲ್ಪ ಅವಕಾಶ ಇರುತ್ತದೆ, ಏಜೆಂಟರನ್ನು ಕೇಳಿ. ಮಂಜೂರಾಗಿದ್ದರೆ ಇದ್ದದ್ದನ್ನೇ ಪ್ರಾಮಾಣಿಕವಾಗಿ ಅಳೆಯಿರಿ. ಅದರ ಜೊತೆ ಇನ್ನೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಯಂತ್ರ ಲ್ಯಾಬಿನ ಹೊರಗೆ, ಯಾರದ್ದಾದರೂ ಅಂಗಳದಲ್ಲಿ ಒಂದು ಸುಗ್ಗಿ ಓಡಿದೆಯಾ? ಬೇರೆಯವನು ಕದ್ದು ಮಾಡಿದರೆ ನಮಗೆ ಗೊತ್ತಾಗುತ್ತದಾ? ಫ್ಯಾಕ್ಟರಿ ಒಳಗೆ ನಡೆಯುವ ರಾಸಾಯನಿಕ ಪ್ರಕ್ರಿಯೆಯಾದರೆ ಪತ್ತೆ ಹಚ್ಚುವುದು ಕಷ್ಟ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಹಂತ 5: ಮಾರುವುದಾ, ಲೈಸೆನ್ಸ್ ಕೊಡುವುದಾ?

ನನ್ನ ಅಭಿಪ್ರಾಯ ಸ್ಪಷ್ಟ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಪೂರ್ತಿ ಮಾರಿ. ಮಾರಿದರೆ ಒಂದೇ ಸಲ ಹಣ ಬರುತ್ತದೆ. ನಾಳೆ ನಿಮ್ಮದೇ ವಿದ್ಯಾರ್ಥಿ ಅದೇ ವಿಷಯದಲ್ಲಿ ಮುಂದಿನ ಹೆಜ್ಜೆ ಇಟ್ಟು ವ್ಯಾಪಾರಕ್ಕೆ ಹೊರಟರೆ ಕೊಂಡವನ ಅಪ್ಪಣೆ ಬೇಕು. ಕೊಂಡವನು ಅದನ್ನು ಬೀರುವಿನಲ್ಲಿಟ್ಟು ಮರೆತರೂ ನೀವು ಕೇಳುವ ಹಾಗಿಲ್ಲ.

ಲೈಸೆನ್ಸ್‌ನಲ್ಲಿ ಎರಡು ಬಗೆ. ಒಬ್ಬರಿಗೇ ಕೊಡುವುದು, ಹಲವರಿಗೆ ಕೊಡುವುದು. ಸ್ಟ್ಯಾನ್‌ಫರ್ಡ್ ಆ ಜೀನ್ ಪೇಟೆಂಟನ್ನು ಒಬ್ಬರಿಗೇ ಕೊಡಲಿಲ್ಲ. 10,000 ಡಾಲರ್ ಮುಂಗಡ, ವರ್ಷಕ್ಕೆ ಕನಿಷ್ಠ 10,000, ಮಾರಾಟದ ಮೇಲೆ ಸಣ್ಣ ರಾಯಲ್ಟಿ ಎಂದು ಯಾರು ಕೇಳಿದರೂ ಕೊಟ್ಟಿತು. ಕೊನೆಗೆ 468 ಕಂಪನಿಗಳು ಲೈಸೆನ್ಸ್ ಪಡೆದಿದ್ದವು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೂಡ ತನ್ನ ಆಹಾರ ತಂತ್ರಜ್ಞಾನಗಳನ್ನು ಹಲವಾರು ಸಣ್ಣ ಉದ್ಯಮಿಗಳಿಗೆ ಶುಲ್ಕ ತೆಗೆದುಕೊಂಡು ಕೊಡುತ್ತದೆ. ಅಡಿಕೆ ಯಂತ್ರದಂಥ, ಊರೂರಲ್ಲಿ ತಯಾರಕರಿರುವ ವಸ್ತುವಿಗೆ ಇದೇ ಸರಿ.

ಔಷಧಿ, ವೈದ್ಯಕೀಯ ಉಪಕರಣ ಆದರೆ ಕಥೆ ಬೇರೆ. ಪರೀಕ್ಷೆ, ಅನುಮತಿಗಳಿಗೆ ಕೋಟಿಗಟ್ಟಲೆ ಸುರಿಯುವವನು “ನನಗೊಬ್ಬನಿಗೇ ಕೊಡಿ” ಎನ್ನುತ್ತಾನೆ, ತಪ್ಪಲ್ಲ. ಕೊಡಿ, ಆದರೆ ಗಡುವು ಹಾಕಿ ಕೊಡಿ. ಎರಡು ವರ್ಷದಲ್ಲಿ ಇಷ್ಟು ಕೆಲಸ ಆಗದಿದ್ದರೆ ಹಕ್ಕು ವಾಪಸ್ ಎಂದು ಬರೆಯಿರಿ.

ಹಂತ 6: ಕೊಳ್ಳುವವರನ್ನು ಹುಡುಕುವುದು

ಜಾಹೀರಾತಿಗಿಂತ ಪರಿಚಯ ಮುಖ್ಯ. ಆವಿಷ್ಕಾರ ಮಾಡಿದ ಮೇಷ್ಟ್ರಿಗೇ ಆ ಉದ್ಯಮದ ನಾಲ್ಕು ಜನ ಗೊತ್ತಿರುತ್ತಾರೆ, ಅಲ್ಲಿಂದ ಶುರು ಮಾಡಿ. ಒಂದೇ ಪುಟದ ಟಿಪ್ಪಣಿ ಸಿದ್ಧಪಡಿಸಿ: ಯಾವ ತೊಂದರೆಗೆ ಪರಿಹಾರ, ಈಗಿರುವುದಕ್ಕಿಂತ ಎಷ್ಟು ಮೇಲು, ಎಲ್ಲಿ ಓಡಿಸಿ ನೋಡಿದ್ದೇವೆ, ಪೇಟೆಂಟ್ ಸಂಖ್ಯೆ ಮತ್ತು ಸ್ಥಿತಿ. ಗ್ರಾಫ್, ಸಮೀಕರಣ ಬೇಡ. ಈ ಪುಟದಲ್ಲಿ ಈಗಾಗಲೇ ಪ್ರಕಟವಾದ ಮಾಹಿತಿ ಮಾತ್ರ ಇರಲಿ. ಅದಕ್ಕಿಂತ ಹೆಚ್ಚು ಕೇಳಿದರೆ ಮೊದಲು ಗೋಪ್ಯತಾ ಒಪ್ಪಂದಕ್ಕೆ ಸಹಿ.

ಸಹಾಯ ಬೇಕಾದರೆ ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನು ಕೇಳಿ. ಕೇಂದ್ರ ಸರ್ಕಾರದ ಎನ್‌ಆರ್‌ಡಿಸಿ, ಅಂದರೆ 1953ರಲ್ಲಿ ಶುರುವಾದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ, ಸಂಸ್ಥೆಗಳ ಪರವಾಗಿ ಲೈಸೆನ್ಸ್ ವ್ಯವಹಾರ ಮಾಡಿಕೊಡುತ್ತದೆ. ಮುಂಗಡ ಶುಲ್ಕ ಕೇಳಿ “ಅಮೆರಿಕದ ಕಂಪನಿ ನಿಮ್ಮ ಪೇಟೆಂಟ್ ಕೊಳ್ಳಲು ಕಾಯುತ್ತಿದೆ” ಎಂದು ಇಮೇಲ್ ಕಳಿಸುವವರಿಗೆ ಉತ್ತರವನ್ನೇ ಕೊಡಬೇಡಿ.

ಹಂತ 7: ಬೆಲೆ, ಮತ್ತು ಆಡಿಟ್‌ನವರು

ಪೇಟೆಂಟ್‌ಗೆ ಮಾರುಕಟ್ಟೆ ದರ ಎಂಬುದಿಲ್ಲ. ಖರ್ಚು ಮಾಡಿದ್ದಕ್ಕೂ ಬರುವ ಬೆಲೆಗೂ ಸಂಬಂಧವಿಲ್ಲ. ಕೊಳ್ಳುವವನಿಗೆ ಅದರಿಂದ ಎಷ್ಟು ಲಾಭ ಎನ್ನುವುದೊಂದೇ ಅಳತೆ.

ನಮ್ಮ ಅಡಿಕೆ ಯಂತ್ರವನ್ನೇ ತೆಗೆದುಕೊಳ್ಳಿ. ಯಂತ್ರದ ಫ್ಯಾಕ್ಟರಿ ಬೆಲೆ 60,000 ರೂಪಾಯಿ, ತಯಾರಕ ವರ್ಷಕ್ಕೆ 200 ಮಾರುತ್ತಾನೆ, ರಾಯಲ್ಟಿ 3 ಶೇಕಡಾ ಎಂದುಕೊಳ್ಳೋಣ. ಮಾರಾಟ 1.2 ಕೋಟಿ, ಕಾಲೇಜಿಗೆ 3.6 ಲಕ್ಷ. ಇದರ ಮೇಲೆ 18 ಶೇಕಡಾ ಜಿಎಸ್‌ಟಿ, ಅಂದರೆ 64,800 ರೂಪಾಯಿ, ಬೇರೆಯಾಗಿ ವಸೂಲಿ ಮಾಡಿ ಕಟ್ಟಬೇಕು. “ಜಿಎಸ್‌ಟಿ ಹೊರತುಪಡಿಸಿ” ಎಂಬ ಎರಡು ಪದ ಒಪ್ಪಂದದಲ್ಲಿ ಇಲ್ಲದಿದ್ದರೆ ತೆರಿಗೆ ನಿಮ್ಮ 3.6 ಲಕ್ಷದಿಂದಲೇ ಹೋದೀತು. ರಾಯಲ್ಟಿಯನ್ನು ಲಾಭದ ಮೇಲೆ ಕೇಳಬೇಡಿ, ಮಾರಾಟದ ಮೇಲೆ ಕೇಳಿ. ಲಾಭ ಲೆಕ್ಕಪುಸ್ತಕದಲ್ಲಿ ಬಹಳ ಸುಲಭವಾಗಿ ಮಾಯವಾಗುತ್ತದೆ. ಕನಿಷ್ಠ ವಾರ್ಷಿಕ ಮೊತ್ತವೊಂದನ್ನೂ ಹಾಕಿ, ತಯಾರಕ ಸುಮ್ಮನೆ ಕೂತರೂ ಅಷ್ಟು ಬರಬೇಕು.

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೆಲೆಗಿಂತ ದೊಡ್ಡ ತಲೆನೋವು ಕಡತ. “ಐದು ಲಕ್ಷಕ್ಕೆ ಏಕೆ ಕೊಟ್ಟಿರಿ, ಐವತ್ತು ಲಕ್ಷ ಏಕೆ ಕೇಳಲಿಲ್ಲ?” ಎಂದು ನಾಲ್ಕು ವರ್ಷ ಬಿಟ್ಟು ಆಡಿಟ್ ಆಕ್ಷೇಪಣೆ ಬರುತ್ತದೆ. ಆ ಹೆದರಿಕೆಗೇ ಬಹಳಷ್ಟು ಅಧಿಕಾರಿಗಳು ಸಹಿ ಹಾಕದೆ ಕಡತವನ್ನು ಮೇಜಿನ ಮೇಲೆ ಮಲಗಿಸಿಬಿಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ರಕ್ಷಣೆ ಕೊಡಿ. ಆಸಕ್ತಿ ಇರುವವರು ಬರಬಹುದು ಎಂದು ವೆಬ್‌ಸೈಟ್‌ನಲ್ಲಿ ಒಂದು ತಿಂಗಳು ಪ್ರಕಟಣೆ ಹಾಕಿ. ಹೊರಗಿನ ಒಬ್ಬ ಉದ್ಯಮ ತಜ್ಞರೂ ಇರುವ ಸಮಿತಿ ಮಾಡಿ. ಎಷ್ಟು ಜನ ಕೇಳಿದರು, ಯಾರು ಎಷ್ಟು ಹೇಳಿದರು, ಈ ಬೆಲೆ ಯಾವ ಲೆಕ್ಕದಿಂದ ಬಂತು ಎಂದು ನಡಾವಳಿಯಲ್ಲಿ ಬರೆಸಿ. ಹಣಕಾಸು ಅಧಿಕಾರಿ ನೋಡಿದ ಮೇಲೆ ಸಿಂಡಿಕೇಟ್ ಮುಂದಿಡಿ. ಬಂದದ್ದು ಒಂದೇ ಅರ್ಜಿ ಆದರೂ ಅದನ್ನೂ ಬರೆಯಿರಿ.

ಆವಿಷ್ಕಾರ ಮಾಡಿದ ಮೇಷ್ಟ್ರೇ ಸ್ಟಾರ್ಟ್‌ಅಪ್ ತೆರೆದು ಲೈಸೆನ್ಸ್ ಕೇಳುವುದು ಈಗ ಸಾಮಾನ್ಯ, ಒಳ್ಳೆಯದೂ ಹೌದು. ಆದರೆ ಅವರು ಬೆಲೆ ಸಮಿತಿಯಲ್ಲಿ ಇರಬಾರದು. ಅವರ ವಿಭಾಗದ ಮುಖ್ಯಸ್ಥರೂ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಹಂತ 8: ಒಪ್ಪಂದ

ವಕೀಲರು ಬರೆಯುತ್ತಾರೆ, ನೀವು ಇವನ್ನು ಮಾತ್ರ ಹುಡುಕಿ ನೋಡಿ.

ಪಾಠಕ್ಕೂ ಸಂಶೋಧನೆಗೂ ಬಳಸುವ ಹಕ್ಕು ಕಾಲೇಜಿನಲ್ಲೇ ಉಳಿದಿದೆಯಾ? ಪೇಪರ್ ಪ್ರಕಟಿಸಲು ಕಂಪನಿ ಅಡ್ಡಿ ಮಾಡಬಾರದು. ಬೇಕಾದರೆ ಒಂದಷ್ಟು ದಿನ ತಡೆಯಬಹುದು, ಅಷ್ಟೇ. ಲೆಕ್ಕಪುಸ್ತಕ ನೋಡುವ ಹಕ್ಕು ನಿಮಗಿರಬೇಕು. “ಯಂತ್ರ ಜೋಡಿಸಿ ಓಡಿಸಿಕೊಡುವವರೆಗೆ ಮೇಷ್ಟ್ರು ಸಹಾಯ ಮಾಡಬೇಕು” ಎಂದಿದ್ದರೆ ಎಷ್ಟು ದಿನ, ಯಾರ ಖರ್ಚಿನಲ್ಲಿ ಎಂದೂ ಇರಬೇಕು. ಇಲ್ಲದಿದ್ದರೆ ಆ ಮೇಷ್ಟ್ರ ಕ್ಲಾಸುಗಳೇ ಹಾಳಾಗುತ್ತವೆ. ಪಾಠಕ್ಕೆ ಹಣ ತರಲು ಹೋಗಿ ಪಾಠವನ್ನೇ ಬಿಟ್ಟರೆ ಏನು ಬಂತು?

ಕೆಲವು ಷರತ್ತುಗಳನ್ನು ಕಾಲೇಜು ಕೂಡ ಕಂಪನಿಗೆ ಹಾಕಲೇಬಾರದು. “ನೀವು ಮಾಡುವ ಸುಧಾರಣೆಗಳೆಲ್ಲ ನಮಗೊಬ್ಬರಿಗೇ ಸೇರಬೇಕು”, “ಪೇಟೆಂಟ್ ಸರಿಯಿಲ್ಲ ಎಂದು ಕೋರ್ಟಿಗೆ ಹೋಗಬಾರದು” ಎಂಬಂಥವು 140ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ.

ಔಷಧಿ, ಆರೋಗ್ಯದ ವಿಷಯವಾದರೆ ಬಡವರಿಗೆ ಸಿಗುವ ಬೆಲೆಯ ಬಗ್ಗೆ ಒಂದು ಕಲಂ ಮೊದಲೇ ಇರಲಿ. ಯೇಲ್ ವಿಶ್ವವಿದ್ಯಾಲಯ ಸ್ಟಾವುಡಿನ್ ಎಂಬ ಏಡ್ಸ್ ಔಷಧಿಯ ಲೈಸೆನ್ಸನ್ನು ಒಂದೇ ಕಂಪನಿಗೆ ಕೊಟ್ಟಿತ್ತು. ದಕ್ಷಿಣ ಆಫ್ರಿಕಾದಲ್ಲಿ ಜನ ಸಾಯುತ್ತಿರುವಾಗ ಅಗ್ಗದ ಔಷಧಿಗೆ ದಾರಿ ಬಿಡಿ ಎಂದು ಯೇಲ್‌ನ ವಿದ್ಯಾರ್ಥಿಗಳೇ ಎದ್ದರು. ಔಷಧಿ ಕಂಡುಹಿಡಿದ ಪ್ರೊಫೆಸರ್ ಕೂಡ ಅವರ ಜೊತೆ ನಿಂತರು. ಹಕ್ಕು ಒಬ್ಬರಿಗೇ ಕೊಟ್ಟಾಗಿದೆ, ನಮ್ಮ ಕೈಕಟ್ಟಿದೆ ಎಂಬ ಪರಿಸ್ಥಿತಿ ವಿಶ್ವವಿದ್ಯಾಲಯದ್ದು. 2001ರಲ್ಲಿ ಕಂಪನಿಯೇ ಮಣಿದು ಅಲ್ಲಿ ಪೇಟೆಂಟ್ ಹಕ್ಕು ಚಲಾಯಿಸುವುದಿಲ್ಲ ಎಂದಿತು. ಮೊದಲೇ ಬರೆದಿದ್ದರೆ ಅಷ್ಟು ರಾದ್ಧಾಂತ ಬೇಕಿರಲಿಲ್ಲ, ಅಲ್ವಾ?

ಸಹಿಯಾದ ಮೇಲೆ ಒಪ್ಪಂದವನ್ನು 16ನೇ ನಮೂನೆಯಲ್ಲಿ ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಬೇಕು. ಬಾಯಿಮಾತಿನ ವರ್ಗಾವಣೆಗೆ ಬೆಲೆಯಿಲ್ಲ. ನೋಂದಾಯಿಸದ ಕಾಗದ ಕೋರ್ಟಿನಲ್ಲಿ ಹಕ್ಕಿನ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಇನ್ನೊಂದು ಬಲೆ ಇದೆ. ಅರ್ಜಿ ಇನ್ನೂ ಬಾಕಿ ಇರುವಾಗಲೇ ದೊಡ್ಡ ಕಂಪನಿಗೆ ಹಕ್ಕು ಬರೆದುಕೊಟ್ಟರೆ, ನೀವು ಪಡೆದ 80 ಶೇಕಡಾ ಶುಲ್ಕ ಕಡಿತದ ವ್ಯತ್ಯಾಸವನ್ನು ಕಟ್ಟಬೇಕು. ಅದು ಯಾರ ತಲೆ ಮೇಲೆ ಎಂದು ಒಪ್ಪಂದದಲ್ಲೇ ಹೇಳಿ.

ಹಂತ 9: ಬಂದ ಹಣ ತರಗತಿ ತಲುಪುವ ಹಾಗೆ ಮಾಡಿ

ಇಷ್ಟೆಲ್ಲ ಮಾಡಿದ್ದು ಪಾಠಕ್ಕೆ ಎಂದು. ಆದರೆ ಸಾಮಾನ್ಯ ಖಾತೆಗೆ ಬಿದ್ದ ಹಣ ಪಿಂಚಣಿಗೋ, ಕಾಂಪೌಂಡ್ ಗೋಡೆಗೋ, ಘಟಿಕೋತ್ಸವದ ಶಾಮಿಯಾನಕ್ಕೋ ಕರಗಿಹೋಗುತ್ತದೆ. ಯಾರೂ ಕದ್ದಿರುವುದಿಲ್ಲ, ಆದರೂ ಇರುವುದಿಲ್ಲ. ಹಾಗಾಗಿ ಮೊದಲ ರೂಪಾಯಿ ಬರುವ ಮೊದಲೇ ನಿಯಮ ಮಾಡಿ, ಸಿಂಡಿಕೇಟ್ ಅಥವಾ ಆಡಳಿತ ಮಂಡಳಿಯಲ್ಲಿ ಪಾಸ್ ಮಾಡಿಸಿ, ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಹಣ ಬಂದ ಮೇಲೆ ನಿಯಮ ಮಾಡಲು ಕೂತರೆ ಆ ಸಭೆ ಮುಗಿಯುವುದಿಲ್ಲ.

ಹಂಚಿಕೆ ಹೀಗಿರಬಹುದು. ಅಡಿಕೆ ಯಂತ್ರದ 3.6 ಲಕ್ಷದಲ್ಲಿ ಸಂಶೋಧಕರಿಗೆ ಮೂರನೇ ಒಂದು ಭಾಗ, 1.2 ಲಕ್ಷ. ಮುಂದಿನ ಪೇಟೆಂಟ್ ಖರ್ಚಿಗೆ ಕಾಲು ಭಾಗ, 90,000. ಉಳಿದ 1.5 ಲಕ್ಷ ಬೋಧನಾ ನಿಧಿಗೆ. ವಕೀಲರ, ಏಜೆಂಟರ ಬಾಕಿ ಖರ್ಚಿದ್ದರೆ ಹಂಚುವ ಮೊದಲೇ ಕಳೆಯಿರಿ.

ಒಂದೂವರೆ ಲಕ್ಷ ಒಬ್ಬ ಅತಿಥಿ ಉಪನ್ಯಾಸಕರ ಇಡೀ ವರ್ಷದ ಗೌರವಧನಕ್ಕೂ ಸಾಲುವುದಿಲ್ಲ. ಸಾಲುವಂತಿದ್ದರೂ ಕೊಡಬಾರದು ಎಂದೇ ನನ್ನ ಮಾತು. ರಾಯಲ್ಟಿ ಮಳೆಯಾಶ್ರಿತ ಬೆಳೆ. ಅಡಿಕೆ ಬೆಲೆ ಬಿದ್ದ ವರ್ಷ ಯಂತ್ರ ಯಾರೂ ಕೊಳ್ಳುವುದಿಲ್ಲ. ತಿಂಗಳ ಸಂಬಳವನ್ನು ಅದಕ್ಕೆ ಕಟ್ಟಿಹಾಕಿದರೆ ಆ ವರ್ಷ ಯಾರನ್ನು ಮನೆಗೆ ಕಳಿಸುತ್ತೀರಿ? ಇಂಥ ಹಣವನ್ನು ಒಂದು ಸಲದ ಖರ್ಚಿಗೆ ಇಡಿ. ಕೆಟ್ಟು ಕೂತ ಆಸಿಲೋಸ್ಕೋಪ್ ದುರಸ್ತಿ, ಲ್ಯಾಬಿಗೆ ರಾಸಾಯನಿಕ, ಗ್ರಂಥಾಲಯಕ್ಕೆ ಪುಸ್ತಕ, ಕೊನೆ ವರ್ಷದ ಪ್ರಾಜೆಕ್ಟ್‌ಗಳಿಗೆ ಸಣ್ಣ ನೆರವು. ಒಮ್ಮೆಲೇ ದೊಡ್ಡ ಮೊತ್ತ ಬಂದರೆ ಠೇವಣಿ ಇಟ್ಟು ಬಡ್ಡಿಯಲ್ಲಿ ವಿದ್ಯಾರ್ಥಿವೇತನ ಕೊಡಿ.

ಪೇಟೆಂಟ್ ಹುಟ್ಟಿದ ವಿಭಾಗಕ್ಕೇ ಎಲ್ಲವೂ ಹೋಗಬೇಕು ಎಂಬ ವಾದ ಖಂಡಿತ ಬರುತ್ತದೆ. ಕನ್ನಡ, ಇತಿಹಾಸ ವಿಭಾಗಗಳು ಎಂದೂ ಪೇಟೆಂಟ್ ಮಾಡುವುದಿಲ್ಲ. ಅಲ್ಲೂ ಪಾಠ ನಡೆಯುತ್ತದೆ ಎಂಬುದನ್ನು ನಿಯಮದಲ್ಲಿ ಸೇರಿಸಿ. ಬೋಧನಾ ನಿಧಿಯ ಅರ್ಧವನ್ನಾದರೂ ಎಲ್ಲರಿಗೂ ತೆರೆದಿಡಿ. “ನಾವು ಸ್ವಂತ ದುಡಿಯುತ್ತಿದ್ದೇವೆ” ಎಂದು ಸರ್ಕಾರದ ಮುಂದೆ ತೀರಾ ಎದೆ ತಟ್ಟಿಕೊಳ್ಳಲೂ ಹೋಗಬೇಡಿ. “ಹಾಗಾದರೆ ಅನುದಾನ ಏಕೆ?” ಎಂಬ ಪ್ರಶ್ನೆಗೆ ನೀವೇ ದಾರಿ ಮಾಡಿಕೊಟ್ಟಂತೆ.

ಹಂತ 10: ನವೀಕರಣ

ಪೇಟೆಂಟ್ ಉಳಿಯಬೇಕಾದರೆ 3ನೇ ವರ್ಷದಿಂದ ನವೀಕರಣ ಶುಲ್ಕ ಕಟ್ಟಬೇಕು. ಶಿಕ್ಷಣ ಸಂಸ್ಥೆಗಳಿಗೆ 3ರಿಂದ 6ನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ, 10ರವರೆಗೆ 2,400, 15ರವರೆಗೆ 4,800, 20ರವರೆಗೆ 8,000. ಪೂರ್ತಿ ಅವಧಿಗೆ ಒಂದಕ್ಕೆ 76,800. ಅಂಥ ಐವತ್ತು ಪೇಟೆಂಟ್ ಇದ್ದರೆ 38 ಲಕ್ಷ ದಾಟುತ್ತದೆ.

ಅದಕ್ಕೆ 6ನೇ ವರ್ಷ ಮುಗಿಯುವಾಗ ಒಮ್ಮೆ ಪಟ್ಟಿ ಹಿಡಿದು ಕೂತುಕೊಳ್ಳಿ. ಯಾರೂ ಕೇಳದ, ಕ್ಲೈಮ್ ಗಟ್ಟಿಯಿಲ್ಲದ ಪೇಟೆಂಟ್‌ಗಳಿಗೆ ಶುಲ್ಕ ಕಟ್ಟುವುದನ್ನು ನಿಲ್ಲಿಸಿ. ಮರೆತು ಬಿಟ್ಟುಹೋದದ್ದು ಬೇಕು ಎನಿಸಿದರೆ, ಹಕ್ಕು ರದ್ದಾದ 18 ತಿಂಗಳೊಳಗೆ ಮರಳಿ ಪಡೆಯಲು ಅರ್ಜಿ ಹಾಕಬಹುದು. ಇಟ್ಟುಕೊಂಡವುಗಳಿಗೆ, ಅದು ಬಳಕೆಯಲ್ಲಿದೆಯೋ ಇಲ್ಲವೋ ಎಂದು 27ನೇ ನಮೂನೆಯಲ್ಲಿ ತಿಳಿಸಬೇಕು. 2024ರ ತಿದ್ದುಪಡಿಯಿಂದ ಇದು ಮೂರು ಆರ್ಥಿಕ ವರ್ಷಕ್ಕೊಮ್ಮೆ. ಈ ದಿನಾಂಕಗಳನ್ನೆಲ್ಲ ಒಬ್ಬರ ಫೋನಿನಲ್ಲಿ ಬಿಡಬೇಡಿ. ಕುಲಸಚಿವರ ಕಚೇರಿಯ ಕ್ಯಾಲೆಂಡರಿನಲ್ಲಿ ಹಾಕಿಸಿ, ಏಜೆಂಟರಿಗೂ ಒಂದು ಪ್ರತಿ ಕೊಡಿ.